ಪಟ್ಟಿಯಲ್ಲಿ ಇಲ್ಲದ ಹೆಸರು

ಆನ್‌ಕಾಲ್ ವಾರ ಅಂದ್ರೆ ಏನು ಅಂತ ಸಾಫ್ಟ್‌ವೇರ್ ಮಂದಿಗೆ ಹೇಳಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಫೋನು ಕಿರುಚಬಹುದು, ಕಿರುಚದೆಯೂ ಇರಬಹುದು. ಹಾಗಾಗಿ ನಿದ್ದೆ ಬರಲ್ಲ, ಎಚ್ಚರ ಇರಕ್ಕೂ ಆಗಲ್ಲ. ಅಂಥ ರಾತ್ರಿಗಳಿಗೆ ಅಂತಲೇ ಫೋನಿನಲ್ಲಿ ಒಂದಷ್ಟು ಪತ್ತೇದಾರಿ ಕಾದಂಬರಿ ತುಂಬಿಸಿಟ್ಟುಕೊಂಡಿರ್ತೀನಿ. ಹೋದ ತಿಂಗಳು ಓದಿದ್ದು ಒಂದು ಅಮೆರಿಕನ್ ಕಥೆ. ಸಮುದ್ರದ ದಡದಲ್ಲಿ ಪುಟ್ಟ ಊರು. ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥನೇ ಪತ್ತೇದಾರ. ಮೀನುಗಾರನ ಶೆಡ್ಡಿಗೆ ಬೆಂಕಿ ಬೀಳುತ್ತೆ, ಒಳಗೊಂದು ಹೆಣ ಸಿಗುತ್ತೆ. ಪೊಲೀಸರು ಆಕಸ್ಮಿಕ ಅಂತ ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಹೀರೋ ಬೂದಿ ಕೆದಕಿ, ಮೂಸಿ ನೋಡಿ, ‘ಇದು ಕೊಲೆ’ ಅಂತಾನೆ.

ಈ ಥರದ ಕಥೆಗಳಲ್ಲಿ ರಕ್ತ ಕಮ್ಮಿ, ಕಾಫಿ ಜಾಸ್ತಿ. ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಕೊನೆಯ ಪುಟದ ಹೊತ್ತಿಗೆ ಕೊಲೆಗಾರ ಸಿಕ್ಕಿಬೀಳೋದು ಗ್ಯಾರಂಟಿ. ಇದರ ದೊಡ್ಡಮ್ಮ ಅಂದ್ರೆ ‘ಮರ್ಡರ್, ಶೀ ರೋಟ್’ ಅನ್ನೋ ಟೀವಿ ಸೀರಿಯಲ್. ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಕ್ಯಾಬಟ್ ಕೋವ್ ಅನ್ನೋ ಕಲ್ಪನೆಯ ಊರು, ಅಲ್ಲೊಬ್ಬರು ನಿವೃತ್ತ ಇಂಗ್ಲಿಷ್ ಟೀಚರ್. 1984ರಿಂದ 1996ರವರೆಗೆ 264 ಕಂತು ಬಂತು. ಅಷ್ಟು ಸಣ್ಣ ಊರಲ್ಲಿ ಅಷ್ಟೊಂದು ಹೆಣ ಹೇಗೆ ಬೀಳುತ್ತಪ್ಪಾ ಅಂತ ಜನ ಇವತ್ತಿಗೂ ತಮಾಷೆ ಮಾಡ್ತಾರೆ.

ನಿಜವಾದ ಮೇನ್‌ನಲ್ಲಿ ಊರ ಅಗ್ನಿಶಾಮಕ ಮುಖ್ಯಸ್ಥ ಕೊಲೆ ತನಿಖೆ ಮಾಡೋದಿಲ್ಲ. ಅಲ್ಲಿನ ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಹಗಲು ಬೇರೆ ಕೆಲಸ, ಸೈರನ್ ಕೇಳಿದರೆ ಓಡೋದು. ಎರಡು ನಗರ ಬಿಟ್ಟರೆ ಉಳಿದ ಕಡೆಯ ಕೊಲೆ ಪ್ರಕರಣ ರಾಜ್ಯ ಪೊಲೀಸರ ಪಾಲು. ‘ಕಾದಂಬರಿ ಬರೀ ಬುರುಡೆ’ ಅಂತ ಫೋನ್ ಕೆಳಗಿಡುವವನಿದ್ದೆ. ಆದರೂ ಕೆಟ್ಟ ಕುತೂಹಲ. ನಿಜಕ್ಕೂ ಹೀಗೆ ಕೊಲೆಗಾರನನ್ನು ಹಿಡಿದ ಬೆಂಕಿ ಆಫೀಸರ್ ಯಾರಾದರೂ ಇದ್ದಾರಾ ಅಂತ ಹುಡುಕಿದೆ.

ಒಬ್ಬರು ಸಿಕ್ಕಿದರು. ಅವರ ಕಥೆ ಕಾದಂಬರಿಗಿಂತ ವಿಚಿತ್ರ. ಆ ರಾತ್ರಿ ಅಲರ್ಟ್ ಬರಲಿಲ್ಲ, ನಿದ್ದೆಯೂ ಬರಲಿಲ್ಲ.

ಕಥೆ ನಡೆಯೋದು ಅಮೆರಿಕದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ತಮಾಷೆ ಏನಂದ್ರೆ, ಕ್ಯಾಬಟ್ ಕೋವ್ ಊರಿನ ಹೊರಾಂಗಣ ದೃಶ್ಯಗಳನ್ನು ಚಿತ್ರೀಕರಿಸಿದ್ದೂ ಅದೇ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಅನ್ನೋ ಕಡಲೂರಿನಲ್ಲಿ. ಸೀರಿಯಲ್‌ನ ಮೊದಲ ಕಂತು ಬಂದದ್ದು 1984ರ ಸೆಪ್ಟೆಂಬರ್ 30ಕ್ಕೆ. ಸರಿಯಾಗಿ ಹತ್ತು ದಿನಕ್ಕೆ, ಅಕ್ಟೋಬರ್ 10ರ ಸಂಜೆ, ಲಾಸ್ ಏಂಜಲೀಸ್ ಪಕ್ಕದ ಸೌತ್ ಪ್ಯಾಸಡೀನಾದಲ್ಲಿ ಓಲ್ಸ್ ಅನ್ನೋ ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಬೆಂಕಿ ಬಿತ್ತು. ನಾಲ್ಕು ಜನ ಸತ್ತರು. ಇಬ್ಬರು ಅಂಗಡಿಯ ಕೆಲಸಗಾರರು, ಇನ್ನಿಬ್ಬರು ಸಾಮಾನು ಕೊಳ್ಳಲು ಬಂದಿದ್ದ ಒಬ್ಬ ಅಜ್ಜಿ ಮತ್ತು ಎರಡು ವರ್ಷದ ಮೊಮ್ಮಗ.

ತನಿಖೆ ಮಾಡಿದವರು ಕರೆಂಟಿನ ದೋಷ, ಆಕಸ್ಮಿಕ ಅಂತ ಬರೆದರು. ಒಬ್ಬ ಮಾತ್ರ ಒಪ್ಪಲಿಲ್ಲ. ಪಕ್ಕದ ಗ್ಲೆಂಡೇಲ್ ನಗರದ ಅಗ್ನಿಶಾಮಕ ದಳದ ಬೆಂಕಿ ತನಿಖಾಧಿಕಾರಿ ಜಾನ್ ಆರ್. ಇದು ಆಕಸ್ಮಿಕ ಅಲ್ಲ, ಯಾರೋ ಬೇಕಂತಲೇ ಹಚ್ಚಿದ್ದು ಅಂತ ಆತನ ವಾದ. ಕಾದಂಬರಿಯ ಹೀರೋ ಥರಾನೇ, ಅಲ್ವಾ? ಆ ಹೆಸರು ನೆನಪಿರಲಿ.

ಈಗ 1987ರ ಜನವರಿಗೆ ಬನ್ನಿ. ಕ್ಯಾಲಿಫೋರ್ನಿಯಾದ ಒಳನಾಡಿನ ಫ್ರೆಸ್ನೊ ನಗರದಲ್ಲಿ ಬೆಂಕಿ ತನಿಖಾಧಿಕಾರಿಗಳ ಸಮ್ಮೇಳನ ನಡೀತಿತ್ತು. ಅದೇ ದಿನಗಳಲ್ಲಿ ಫ್ರೆಸ್ನೊ, ಟುಲೇರ್, ಬೇಕರ್ಸ್‌ಫೀಲ್ಡ್ ಊರುಗಳ ಅಂಗಡಿಗಳಲ್ಲಿ ಸಾಲುಸಾಲು ಬೆಂಕಿ. ಎಲ್ಲವೂ ಬಾಗಿಲು ತೆರೆದಿದ್ದ, ಗಿರಾಕಿಗಳು ಓಡಾಡುತ್ತಿದ್ದ ಅಂಗಡಿಗಳೇ. ಬೇಕರ್ಸ್‌ಫೀಲ್ಡ್‌ನ ಒಂದು ಅಂಗಡಿಯಲ್ಲಿ ಬೆಂಕಿ ಪೂರ್ತಿ ಹಬ್ಬುವ ಮೊದಲೇ ಆರಿಸಿದರು. ಒಣಹೂವಿನ ರಾಶಿಯಲ್ಲಿ ಅರ್ಧ ಸುಟ್ಟ ಒಂದು ಸಿಗರೇಟು, ಕಡ್ಡಿಗಳು, ನೋಟ್‌ಬುಕ್ಕಿನ ಹಳದಿ ಹಾಳೆಯ ಚೂರು ಸಿಕ್ಕಿತು. ಅದು ಉರಿದು ಹೊತ್ತಿಕೊಳ್ಳುವಷ್ಟರಲ್ಲಿ ಇಟ್ಟವನು ಆರಾಮಾಗಿ ನಡೆದು ಹೊರಗೆ ಹೋಗಿರುತ್ತಾನೆ. ಆ ಹಾಳೆಯ ಚೂರಿನ ಮೇಲೆ ಒಂದು ಬೆರಳಚ್ಚು ಉಳಿದಿತ್ತು.

ಅಲ್ಲಿನ ಅಗ್ನಿಶಾಮಕ ದಳದ ಕ್ಯಾಪ್ಟನ್ ಮಾರ್ವಿನ್ ಕೇಸಿ. ಇವರೇ ನನ್ನ ಹೀರೋ. ಮೂರೂ ಊರು ಒಂದೇ ಹೆದ್ದಾರಿಯ ಮೇಲಿವೆ ಅನ್ನೋದನ್ನ ಅವರು ಗಮನಿಸಿದರು. ಫ್ರೆಸ್ನೊದಿಂದ ಲಾಸ್ ಏಂಜಲೀಸ್ ಕಡೆ ಹೋಗುವ ದಾರಿ ಅದು. ಆ ವಾರ ಆ ದಾರಿಯಲ್ಲಿ ಯಾರು ಓಡಾಡಿದರು? ಸಮ್ಮೇಳನಕ್ಕೆ ಬಂದವರು. ಅಂದರೆ ತನ್ನದೇ ಕಸುಬಿನವರು. ಬೆಂಕಿ ಹಚ್ಚಿದವನನ್ನು ಹಿಡಿಯೋದೇ ಕೆಲಸ ಆಗಿರುವವರಲ್ಲಿ ಒಬ್ಬ!

ನಿಮ್ಮ ಆಫೀಸಿನಲ್ಲಿ ಇಂಥ ಮಾತು ಆಡಿ ನೋಡಿ. ಕಾಫಿ ಮಶಿನ್ ಹತ್ತಿರ ಒಬ್ಬರೇ ನಿಂತಿರ್ತೀರಾ, ಅಷ್ಟೆ. ಕೇಸಿಗೂ ಹೆಚ್ಚುಕಮ್ಮಿ ಹಾಗೇ ಆಯ್ತು. ಸಮ್ಮೇಳನದಿಂದ ಒಬ್ಬೊಬ್ಬರೇ ಬೇಕರ್ಸ್‌ಫೀಲ್ಡ್ ದಾಟಿ ದಕ್ಷಿಣಕ್ಕೆ ಹೋಗಿರಬಹುದಾದ 55 ಜನರ ಪಟ್ಟಿ ಮಾಡಿದರು. ಯಾರೂ ನಂಬಲಿಲ್ಲ. ಐವತ್ತೈದು ಮಂದಿ ಗೌರವಸ್ಥ ಅಧಿಕಾರಿಗಳನ್ನು ಬರೀ ಅನುಮಾನದ ಮೇಲೆ ಕೆದಕೋದು ಹೇಗೆ?

ಎರಡು ವರ್ಷ ಕಳೀತು. 1989ರ ಮಾರ್ಚ್. ಈ ಸಲ ಸಮ್ಮೇಳನ ಪೆಸಿಫಿಕ್ ಗ್ರೋವ್‌ನಲ್ಲಿ. ಅದು ಕಡಲ ಅಂಚಿನ ಪುಟ್ಟ ಊರು, ನಾನು ಓದುತ್ತಿದ್ದ ಕಾದಂಬರಿಯ ಊರಿನಂಥದ್ದೇ. ಅದೇ ಹೊತ್ತಿಗೆ ಕರಾವಳಿ ಕಡೆಯ ಊರುಗಳಲ್ಲಿ ಮತ್ತೆ ಅಂಗಡಿಗಳಿಗೆ ಬೆಂಕಿ. ಕೇಸಿ ಎರಡೂ ಸಮ್ಮೇಳನದ ಪಟ್ಟಿ ತೆಗೆದು ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಇದ್ದು, ಆ ದಾರಿಗಳಲ್ಲಿ ಹೋಗಿರಬಹುದಾದವರು ಯಾರು?

ಹತ್ತು ಜನ.

ಡೇಟಾಬೇಸ್ ಗೊತ್ತಿರುವವರು ನಗ್ತೀರಿ. ಇದು ಎರಡು ಟೇಬಲ್‌ನ ಜಾಯಿನ್, ಎರಡು ಸಾಲಿನ ಕ್ವೆರಿ. ಆ ಮನುಷ್ಯ ಅದನ್ನೇ ಕಾಗದ ಪೆನ್ಸಿಲ್‌ನಲ್ಲಿ ಮಾಡಿದ್ದು. ಆ ಹತ್ತು ಜನರ ಬೆರಳಚ್ಚನ್ನು ಹಳದಿ ಹಾಳೆಯ ಬೆರಳಚ್ಚಿಗೆ ಹೋಲಿಸಲು ಕಳಿಸಿದರು. ಉತ್ತರ ಬಂತು: ಯಾರದ್ದೂ ಹೊಂದುವುದಿಲ್ಲ.

ನಾನಾಗಿದ್ದರೆ ಅಲ್ಲಿಗೆ ಟಿಕೆಟ್ ಕ್ಲೋಸ್ ಮಾಡಿಬಿಡ್ತಿದ್ದೆ. ಲ್ಯಾಬೇ ಇಲ್ಲ ಅಂದಮೇಲೆ ಮುಗೀತಲ್ಲ.

1990–91ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಮತ್ತೆ ಅಂಗಡಿಗಳಿಗೆ ಬೆಂಕಿ ಬೀಳತೊಡಗಿದಾಗ ಒಂದು ವಿಶೇಷ ತಂಡ ರಚನೆಯಾಯಿತು. ಕೇಸಿ ಇಟ್ಟುಕೊಂಡಿದ್ದ ಆ ಹಳೇ ಬೆರಳಚ್ಚು ಅವರ ಕೈಗೆ ಹೋಯ್ತು, ಮತ್ತೆ ಹೋಲಿಕೆ ನಡೀತು. ಈ ಸಲ ಹೊಂದಿತು. ಹೆಸರು ಜಾನ್ ಆರ್. ಹಿಂದೊಮ್ಮೆ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಾಗ ಕೊಟ್ಟ ಬೆರಳಚ್ಚು ಕಡತದಲ್ಲಿತ್ತು. 1989ರ ಆ ಹತ್ತು ಜನರ ಪಟ್ಟಿಯಲ್ಲಿ ಆತನ ಹೆಸರು ಇದ್ದೇ ಇತ್ತು. ಅವತ್ತು ಹೋಲಿಸಿ ನೋಡಿದವರು ಗುರುತು ಹಿಡಿಯಲಾರದೆ ಕೈಬಿಟ್ಟಿದ್ದರು. ಆ ಒಂದು ತಪ್ಪಿನಿಂದ ಎರಡು ವರ್ಷ ಆತ ಹೊರಗೇ ಇದ್ದ, ತನಿಖಾಧಿಕಾರಿಯಾಗಿಯೇ ಇದ್ದ.

1991ರ ಡಿಸೆಂಬರ್‌ನಲ್ಲಿ ಆತನನ್ನು ಬಂಧಿಸಿದರು. ಆತ ಬರೆದಿಟ್ಟಿದ್ದ ಒಂದು ಕಾದಂಬರಿಯ ಹಸ್ತಪ್ರತಿಯೂ ಕೈಗೆ ಸಿಕ್ಕಿತು. ಅದರ ಹೆಸರು ‘ಪಾಯಿಂಟ್ಸ್ ಆಫ್ ಆರಿಜಿನ್’. ಬೆಂಕಿ ಹಚ್ಚುತ್ತಾ ಹೋಗುವ ಒಬ್ಬ ಅಗ್ನಿಶಾಮಕ ನೌಕರನ ಕಥೆ. ಅದರಲ್ಲಿ ಒಂದು ಅಂಗಡಿ ಸುಟ್ಟು, ಒಬ್ಬ ಪುಟ್ಟ ಹುಡುಗನೂ ಸಾಯುತ್ತಾನೆ. ಓಲ್ಸ್ ಅಂಗಡಿಯ ಕಡತ ಮತ್ತೆ ತೆರೆಯಿತು. ಬೆಂಕಿ ಹಚ್ಚಿದ ಕೇಸುಗಳಲ್ಲಿ 1992ರಲ್ಲಿ ಶಿಕ್ಷೆಯಾಯ್ತು. 1998ರಲ್ಲಿ ಓಲ್ಸ್‌ನ ನಾಲ್ಕು ಕೊಲೆಗಳಿಗೆ ಜೀವಾವಧಿ. ಈ ಪ್ರಕರಣದ ಮೇಲೆ ಜೋಸೆಫ್ ವ್ಯಾಂಬೊ 2002ರಲ್ಲಿ ‘ಫೈರ್ ಲವರ್’ ಅನ್ನೋ ಪುಸ್ತಕ ಬರೆದರು. 2025ರಲ್ಲಿ ಆ್ಯಪಲ್ ಟೀವಿಯಲ್ಲಿ ಬಂದ ‘ಸ್ಮೋಕ್’ ಸರಣಿಗೆ ಸ್ಫೂರ್ತಿಯೂ ಇದೇ.

ಮರುದಿನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡ್ತಾ ಇದನ್ನೆಲ್ಲ ಹೇಳಿದೆ. ‘ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೋ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಹಿಡಿದೋನೂ ಬೇಲಿನೇ ಅಲ್ವೇನೋ?’ ಅಂದರು.

ಅಮ್ಮನ ಆ ಮಾತು ತಲೆಯಲ್ಲಿ ಕೂತುಬಿಡ್ತು. ಕಾದಂಬರಿಗಳಲ್ಲಿ ಪತ್ತೇದಾರನ ಹೆಸರು ಯಾವತ್ತೂ ಅನುಮಾನದ ಪಟ್ಟಿಗೆ ಬರಲ್ಲ. ಊರಿನ ಪಾದ್ರಿ, ಡಾಕ್ಟರು, ಬೇಕರಿಯವಳು ಎಲ್ಲರ ಮೇಲೂ ಅನುಮಾನ ಪಡ್ತೀವಿ. ಹುಡುಕುವವನನ್ನು ಮಾತ್ರ ಬಿಟ್ಟುಬಿಡ್ತೀವಿ. ಕೇಸಿ ದೊಡ್ಡವರು ಅನ್ನಿಸೋದು ಬೆರಳಚ್ಚು ಸಿಕ್ಕಿದ್ದಕ್ಕಲ್ಲ. ಪಟ್ಟಿ ಬರೆಯೋಕೆ ಕೂತಾಗ ‘ನಮ್ಮವರು’ ಅನ್ನೋ ಕಾಲಂ ಅನ್ನ ಅವರು ಅಳಿಸಲಿಲ್ಲ, ಅದಕ್ಕೆ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾನು ಅಳಿಸಿದ್ದೆ.

ಎರಡು ವರ್ಷದ ಹಿಂದಿನ ಮಾತು. ಆಗಿದ್ದ ಕಂಪನಿಯಲ್ಲಿ ಒಂದು ಶುಕ್ರವಾರ ಸಂಜೆ ಪೇಮೆಂಟ್ ಸಿಸ್ಟಮ್ ಕುಸಿದುಬಿತ್ತು. ಸುಮಾರು ಮೂರು ಗಂಟೆ ಗಿರಾಕಿಗಳ ದುಡ್ಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕಾರಣ ಹುಡುಕುವ ಜವಾಬ್ದಾರಿ ನನ್ನದು. ಆ ಹೊತ್ತಿನಲ್ಲಿ ಯಾರ‍್ಯಾರು ಕೋಡ್ ಬದಲಾಯಿಸಿದ್ದರೋ ಎಲ್ಲರ ಪಟ್ಟಿ ತೆಗೆದೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಒಬ್ಬ ಹುಡುಗ ಅವತ್ತು ಮಧ್ಯಾಹ್ನ ಸಣ್ಣದೊಂದು ಬದಲಾವಣೆ ಹಾಕಿದ್ದ. ಎಲ್ಲರ ಕಣ್ಣೂ ಅವನ ಮೇಲೆ. ನಾನು ಬಾಯಿಬಿಟ್ಟು ‘ನೀನೇ’ ಅನ್ನಲಿಲ್ಲ, ಆದರೆ ಗ್ರೂಪಿನಲ್ಲಿ ‘ಇದನ್ನು ಮೊದಲು ನೋಡೋಣ’ ಅಂತ ಅವನ ಲಿಂಕ್ ಹಾಕಿದೆ. ಅಷ್ಟು ಸಾಕಿತ್ತು. ಶನಿವಾರ, ಭಾನುವಾರ ಎರಡೂ ದಿನ ಆ ಹುಡುಗ ಮನೆಗೂ ಸರಿಯಾಗಿ ಹೋಗದೆ ತನ್ನದೇ ನಲವತ್ತು ಸಾಲು ಕೋಡನ್ನು ಮತ್ತೆ ಮತ್ತೆ ಓದಿದ.

ಸೋಮವಾರ ಬೆಳಿಗ್ಗೆ ಗೊತ್ತಾಯ್ತು. ನಾನೇ ಆರು ತಿಂಗಳ ಹಿಂದೆ ಬರೆದು, ಶೆಡ್ಯೂಲ್ ಮಾಡಿ, ಮರೆತುಹೋಗಿದ್ದ ಒಂದು ಕ್ಲೀನಪ್ ಸ್ಕ್ರಿಪ್ಟ್. ಅವತ್ತು ಬೇಡದ ಟೇಬಲ್ ಲಾಕ್ ಮಾಡಿ ಕೂತಿತ್ತು. ಲಾಗ್‌ನಲ್ಲಿ ನನ್ನ ಹೆಸರು ಶುಕ್ರವಾರದಿಂದಲೂ ಇತ್ತು. ಶುಕ್ರವಾರವೇ ನೋಡಿದ್ದೆ ಕೂಡ. ‘ಇದು ನಂದು, ಇದರಿಂದ ಏನೂ ಆಗಲ್ಲ’ ಅಂತ ಫಿಲ್ಟರ್ ಹಾಕಿ ಮುಂದೆ ಹೋಗಿದ್ದೆ. ಜಾನ್ ಆರ್ ಮಾಡಿದ್ದು ಘೋರ ಪಾಪ, ನಂದು ಮೈಗಳ್ಳತನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗ್ತಿಲ್ಲ. ಆದರೆ ತನಿಖೆ ಹಾಳಾದ ಜಾಗ ಒಂದೇ: ಹುಡುಕುವವರ ಹೆಸರು ಬಂದಾಗ ಕಣ್ಣು ಅದರ ಮೇಲೆ ನಿಲ್ಲಲಿಲ್ಲ.

ರಿಪೋರ್ಟಿನಲ್ಲಿ ‘ಹಳೆಯ ಶೆಡ್ಯೂಲ್ಡ್ ಜಾಬ್’ ಅಂತ ಬರೆದೆ. ಯಾರದ್ದು ಅಂತ ಬರೀಲಿಲ್ಲ. ಯಾರನ್ನೂ ದೂರಬಾರದು ಅನ್ನೋದು ನಮ್ಮ ಪಾಲಿಸಿ ನೋಡಿ. ಆ ಪಾಲಿಸಿ ಆ ಹುಡುಗನಿಗೆ ಎರಡು ದಿನ ಸಿಕ್ಕಿರಲಿಲ್ಲ, ನನಗೆ ಎರಡು ನಿಮಿಷದಲ್ಲಿ ಸಿಕ್ಕಿತು.

ಈಗ ಅವನು ಬೇರೆ ಕಂಪನಿಯಲ್ಲಿದ್ದಾನೆ. ಹೋದ ವಾರ ಫೋನ್ ಮಾಡಿದೆ. ಹಬ್ಬ, ಮನೆ, ಟ್ರಾಫಿಕ್ ಅಂತ ಏನೇನೋ ಮಾತಾಡಿ, ಕೊನೆಗೆ ಹೇಳಿದೆ. ಆ ಸ್ಕ್ರಿಪ್ಟ್ ನಂದಾಗಿತ್ತು, ಶುಕ್ರವಾರವೇ ಕಣ್ಣಿಗೆ ಬಿದ್ದಿತ್ತು, ಬಿಟ್ಟುಬಿಟ್ಟೆ ಅಂತ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಗೊತ್ತಿತ್ತು ಅಣ್ಣ’ ಅಂದ. ‘ಭಾನುವಾರ ರಾತ್ರಿನೇ ಲಾಗ್‌ನಲ್ಲಿ ನೋಡಿದ್ದೆ. ನೀವೇ ತನಿಖೆ ಮಾಡ್ತಿದ್ರಲ್ಲ, ನಿಮಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ.’

ಈ ವಾರ ಮತ್ತೆ ನನ್ನದೇ ಆನ್‌ಕಾಲ್. ಟೀಮಿಗೆ ಹೊಸದಾಗಿ ಇಬ್ಬರು ಸೇರಿದ್ದಾರೆ. ಮೊದಲ ದಿನವೇ ಅವರಿಗೆ ಒಂದು ಮಾತು ಹೇಳಿದ್ದೀನಿ: ಏನಾದರೂ ಕುಸಿದುಬಿದ್ದರೆ ಪಟ್ಟಿ ಮಾಡಿ, ಮೊದಲನೇ ಸಾಲಿನಲ್ಲಿ ನನ್ನ ಹೆಸರು ಬರೀರಿ. ಇಬ್ಬರೂ ಜೋಕ್ ಅಂದುಕೊಂಡು ನಕ್ಕರು. ಅಲರ್ಟ್ ಬಂದ ದಿನ ಬರೀತಾರಾ, ನೋಡಬೇಕು.