ರೈಜೆಲ್ ಹೋಗುತ್ತಿದೆಯೋ, ಮರಳುತ್ತಿದೆಯೋ?

ಘಾಟ್ಕೋಪರ್ ಪೂರ್ವದ ನಮ್ಮ ಕಟ್ಟಡದ ಟೆರೇಸಿನಲ್ಲಿ ಜನವರಿಯ ರಾತ್ರಿ ನಿಂತು ಎಣಿಸಿದರೆ ಇಪ್ಪತ್ತು ನಕ್ಷತ್ರ ಸಿಕ್ಕರೆ ಹೆಚ್ಚು. ಹೆದ್ದಾರಿಯ ದೀಪ, ಧೂಳು, ತಲೆಯ ಮೇಲೆ ಒಂದರ ಹಿಂದೊಂದು ಇಳಿಯುವ ವಿಮಾನ. ಆದರೂ ಮಹಾವ್ಯಾಧನ ಕಾಲಿನಲ್ಲಿರುವ ರೈಜೆಲ್ ಕಣ್ತಪ್ಪುವುದಿಲ್ಲ. ವ್ಯಾಧನ ಹೆಗಲಿನ ಕೆಂಪು ನಕ್ಷತ್ರ ನಮ್ಮ ಆರ್ದ್ರೆ. ಅದರ ಹೆಸರಲ್ಲಿ ಮಳೆಯೂ ಇದೆ. ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಹೊಳೆಯುವ ರೈಜೆಲ್‌ಗೆ ಇಪ್ಪತ್ತೇಳರಲ್ಲಿ ಜಾಗ ಸಿಗಲಿಲ್ಲ, ಯಾಕೋ.

ಮೊನ್ನೆ ಕೆಳಮನೆಯ ಒಂಬತ್ತನೇ ತರಗತಿಯ ಹುಡುಗಿ ಪ್ರಾಜೆಕ್ಟಿಗೆಂದು ಕೊಂಡ ಚಾರ್ಟ್ ಹಿಡಿದು ಬಂದಳು. ನೀಲಿ ನಕ್ಷತ್ರ, ಬಾಣ, ಕೆಂಪು ಮಹಾದೈತ್ಯ, ಬಾಣ, ಸ್ಫೋಟ. “ಹಾಗಾದ್ರೆ ರೈಜೆಲ್ ಇನ್ನೂ ಕೆಂಪಾಗ್ಬೇಕು ಅಲ್ವಾ ಅಂಕಲ್?” ಹೌದು ಎನ್ನಲು ಬಾಯಿ ತೆರೆದವನು ತಡೆದೆ.

1987ರ ಫೆಬ್ರವರಿಯಲ್ಲಿ, ದೊಡ್ಡ ಮೆಗಲನ್ ಮೋಡದಲ್ಲಿ ಸ್ಫೋಟಿಸಿದ ನಕ್ಷತ್ರವನ್ನು ಹಳೆಯ ಛಾಯಾಚಿತ್ರಗಳಲ್ಲಿ ಹುಡುಕಿದರು. ಕೆಂಪಾಗಿರಬೇಕಿತ್ತು, ನೀಲಿ ಮಹಾದೈತ್ಯವಾಗಿತ್ತು. ಎರಡು ನಕ್ಷತ್ರಗಳು ಕೂಡಿ ಒಂದಾಗಿ ನೀಲಿಯಾಗಿರಬೇಕು ಎಂಬ ವಿವರಣೆಗೆ ಇಂದು ಹೆಚ್ಚು ಒಲವು. ಹೇಗೇ ಇರಲಿ, ಚಾರ್ಟಿನ ಬಾಣ ಅಂದೇ ಮುರಿದಿತ್ತು.

ರೈಜೆಲ್ ವಿಷಯ ಇನ್ನೂ ಸೂಕ್ಷ್ಮ. ಘಾಟ್ಕೋಪರ್ ಸ್ಟೇಷನ್ನಿನಲ್ಲಿ ನಿಂತ ಲೋಕಲ್ಲಿನ ಒಂದು ಫೋಟೋ ಕೊಟ್ಟರೆ ಅದು ಕಲ್ಯಾಣಕ್ಕೆ ಹೊರಟಿದೆಯೋ ಸಿಎಸ್‌ಎಂಟಿಗೋ ಹೇಳಲಾಗದು. ಹಾಗೆಯೇ ಬಣ್ಣ, ಪ್ರಕಾಶ ಎರಡನ್ನೇ ನೋಡಿದರೆ, ಮೊದಲ ಬಾರಿ ಕೆಂಪಿನತ್ತ ಹೊರಟ ನೀಲಿ ಮಹಾದೈತ್ಯಕ್ಕೂ ಕೆಂಪಾಗಿ ಮರಳಿ ನೀಲಿಯಾದದ್ದಕ್ಕೂ ವ್ಯತ್ಯಾಸ ಕಾಣದು. ವ್ಯತ್ಯಾಸ ತೂಕದಲ್ಲಿದೆ. ಕೆಂಪಾಗಿದ್ದಾಗ ನಕ್ಷತ್ರ ತನ್ನ ಹೊರಪದರವನ್ನು ಧಾರಾಳವಾಗಿ ಊದಿ ಕಳೆದುಕೊಳ್ಳುತ್ತದೆ. ಮರಳಿದ್ದು ಅಷ್ಟೇ ಹೊಳೆದರೂ ಹಗುರ. ಹಗುರವಾದದ್ದು ಸುಲಭವಾಗಿ ಮಿಡಿಯುತ್ತದೆ.

ರೈಜೆಲ್ ಮಿಡಿಯುತ್ತದೆ. ಬರಿಗಣ್ಣಿಗೆ ಗೊತ್ತಾಗದಷ್ಟು ಅಲ್ಪ, ಆದರೆ 2012ರ ಅಧ್ಯಯನವೊಂದು ಸುಮಾರು ಒಂದೂಕಾಲು ದಿನದಿಂದ 74 ದಿನಗಳವರೆಗಿನ ಹತ್ತೊಂಬತ್ತು ಲಯಗಳನ್ನು ಗುರುತಿಸಿತು. ರಾಜಹಂಸದ ಡೆನೆಬ್ ಕೂಡ ಇದೇ ಜಾತಿಯದು. 2013ರಲ್ಲಿ ಜಪಾನಿನ ಸಾಯಿಯೊ, ಜಾರ್ಜಿ ಮತ್ತು ಜಿನೀವಾದ ಮೆನೆ ಲೆಕ್ಕ ಹಾಕಿ, ಇಂಥ ಮಿಡಿತ ಕೆಂಪಾಗಿ ಮರಳಿದ ನಕ್ಷತ್ರಗಳಿಗೆ ಒಪ್ಪುತ್ತದೆ, ಹೊಸದಾಗಿ ಹೊರಟವುಗಳಿಗಲ್ಲ ಎಂದರು. ಅಂದರೆ ರೈಜೆಲ್ ಒಮ್ಮೆ ಆರ್ದ್ರೆಯಂತೆ ಇದ್ದಿರಬಹುದು!

ಅಷ್ಟಕ್ಕೇ ಮುಗಿಯಲಿಲ್ಲ, ನನಗೆ ಇಷ್ಟವಾದದ್ದೂ ಇದೇ. ಹೊರಪದರ ಅಷ್ಟು ಹೋಗಿದ್ದರೆ ಒಳಗೆ ಬೆಂದ ಸಾರಜನಕ ಮೇಲೆ ಹೇರಳವಾಗಿ ಕಾಣಬೇಕು. ರೈಜೆಲ್, ಡೆನೆಬ್‌ಗಳ ಬೆಳಕಿನಲ್ಲಿ ಅಷ್ಟಿಲ್ಲ. ತಮ್ಮ ಸಿದ್ಧಾಂತಕ್ಕೆ ತಾವೇ ಕಂಡ ಈ ತೊಡಕನ್ನು ಅವರು ಲೇಖನದ ಶೀರ್ಷಿಕೆಯಲ್ಲೇ ಹೇಳಿಕೊಂಡರು. ಮರುವರ್ಷ, ನಕ್ಷತ್ರದೊಳಗೆ ಅನಿಲ ಎಲ್ಲಿ ಕುದಿದು ಬೆರೆಯುತ್ತದೆ ಎಂಬ ನಿಯಮವನ್ನು ಬದಲಿಸಿ ನೋಡಿದಾಗ ಲೆಕ್ಕ ಬಹುಮಟ್ಟಿಗೆ ಕೂಡಿತು.

ಮಕ್ಕಳಿಗೆ ಇದೆಲ್ಲ ಕಷ್ಟ, ಒಂದು ಬಾಣ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಷ್ಟವಾದದ್ದನ್ನು ಬಿಡುವುದು ಬೇರೆ, ತೀರ್ಮಾನವಾಗದ್ದನ್ನು ತೀರ್ಮಾನವಾಯಿತೆಂದು ಅಚ್ಚು ಹಾಕುವುದು ಬೇರೆ. ಮುಂಬಯಿಯ ಮಗುವಿಗೆ ಉಳಿದಿರುವುದೇ ಈ ನಾಲ್ಕಾರು ನಕ್ಷತ್ರ. ಅದರಲ್ಲೊಂದರ ಪ್ರಶ್ನೆ ಇನ್ನೂ ತೆರೆದಿದೆ ಎಂಬುದನ್ನಾದರೂ ಮುಚ್ಚಿಡಬಾರದು.

ಹುಡುಗಿ ಕೆಂಪಿನಿಂದ ನೀಲಿಗೆ ಇನ್ನೊಂದು ಬಾಣ ಎಳೆದು, ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಮಾರ್ಕು ಕಟ್ಟಾದರೆ ನನ್ನನ್ನೇ ಶಾಲೆಗೆ ಕರೆದೊಯ್ಯುತ್ತಾಳಂತೆ.