ಬಯೋಡಾಟಾಕ್ಕೆ ಒಗ್ಗರಣೆ ಯಾಕೆ ಎನ್ನುವವರಿಗೆ

ಅಡುಗೆ ಕೆಲಸ ಹುಡುಕುವವರು ಬಯೋಡಾಟಾದಲ್ಲಿ ಸರಿಯಾದ ಕೀವರ್ಡ್ ಬರೆಯಬೇಕು ಎಂದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳೆಯ ಮಾಸ್ಟರ್‌ಗಳು ನಗುತ್ತಾರೆ. “ಸಾರಿಗೆ ಹಾಕೋ ಒಗ್ಗರಣೇನ ಕಾಗದಕ್ಕೆ ಹಾಕ್ತೀರಲ್ರೀ” ಎನ್ನುತ್ತಾರೆ. ಆ ನಗುವಿನ ಹಿಂದೆ ನಿಜವಾದ ಆಕ್ಷೇಪಗಳಿವೆ. ಕೆಲವು ಹಗುರ, ಕೆಲವು ತೂಕದವು. ಒಂದೊಂದಕ್ಕೂ ಉತ್ತರಿಸುತ್ತೇನೆ. ಅದಕ್ಕೆ ಮೊದಲು ನನ್ನ ವಾದವನ್ನು ಚುಟುಕಾಗಿ ಹೇಳಿಬಿಡುವೆ: ನೀವು ಮಾಡಿದ ಕೆಲಸವನ್ನು ಕೆಲಸ ಕೊಡುವವರು ಯಾವ ಹೆಸರಿನಿಂದ ಹುಡುಕುತ್ತಾರೋ ಅದೇ ಕೀವರ್ಡ್. ಒಲೆ ಮುಂದೆ ನಿಂತು ಮಾಡಿ ತೋರಿಸಬಲ್ಲ ಪ್ರತಿಯೊಂದು ಪದವೂ ಬಯೋಡಾಟಾದಲ್ಲಿ ಇರಬೇಕು. ತೋರಿಸಲಾಗದ ಒಂದೂ ಇರಬಾರದು.

1. “ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕೈರುಚಿ ಇದ್ರೆ ಸಾಕು.”

ಉಂಡು ನೋಡುವವನೇ ಕೆಲಸ ಕೊಡುವವನಾದರೆ ಸಾಕು. ದಾವಣಗೆರೆಯ ಬೆನ್ನೆ ದೋಸೆ ಹೋಟೆಲಿನ ಮಾಲೀಕರು ಹೊಸ ಹುಡುಗನನ್ನು ಕಾವಲಿ ಮುಂದೆ ನಿಲ್ಲಿಸಿ, ನಾಲ್ಕು ದೋಸೆ ಹಾಕಿಸಿ, ಅಲ್ಲೇ ತೀರ್ಮಾನ ಮಾಡುತ್ತಾರೆ. ಅಲ್ಲಿ ಬಯೋಡಾಟಾ ಯಾರಿಗೂ ಬೇಕಿಲ್ಲ. ಆದರೆ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಮೊದಲ ಆಯ್ಕೆ ಮಾಡುವವರು ಅಡುಗೆಮನೆಯವರೇ ಅಲ್ಲ, ಎಚ್‌ಆರ್ ವಿಭಾಗದವರು. ಅವರು ನಿಮ್ಮ ದೋಸೆ ತಿಂದಿಲ್ಲ, ಜಾಲತಾಣದಲ್ಲಿ ಹುಡುಕುತ್ತಾರೆ. ಕೆಲಸ ಹುಡುಕುವ ಜಾಲತಾಣ ನೌಕರಿ ಡಾಟ್ ಕಾಮ್ 1997ರಲ್ಲಿ ಶುರುವಾಯಿತು. ಇಂಥ ಜಾಲತಾಣಗಳ ಕ್ರಮ ಸಾಮಾನ್ಯವಾಗಿ ಒಂದೇ: ಹುದ್ದೆಯ ಹೆಸರು, ಅನುಭವದ ವರ್ಷ, ಊರು ಕೊಟ್ಟು ಹುಡುಕುವುದು. ಆ ಪದಗಳು ಯಾರ ಬಯೋಡಾಟಾದಲ್ಲಿವೆಯೋ ಅವರು ಮೇಲೆ ಬರುತ್ತಾರೆ. ಅಡುಗೆ ಮಾಡಿಸಿ ನೋಡುವ ಫುಡ್ ಟ್ರಯಲ್ ದಿನ ಕೈರುಚಿಯೇ ಗೆಲ್ಲುತ್ತದೆ, ನಿಜ. ಟ್ರಯಲ್‌ಗೆ ಕರೆಸುವುದು ಮಾತ್ರ ಕಾಗದ.

ಹುದ್ದೆಯ ಹೆಸರಿನಲ್ಲಿ ಇನ್ನೊಂದು ಸಂಗತಿಯೂ ಇದೆ. ನಮ್ಮ ಹೋಟೆಲುಗಳಲ್ಲಿ ದೋಸೆ ಮಾಸ್ಟರ್, ತಂದೂರಿ ಮಾಸ್ಟರ್, ಚೈನೀಸ್ ಮಾಸ್ಟರ್, ಹೆಲ್ಪರ್, ಕ್ಲೀನರ್ ಇದ್ದಾರೆ. ಸ್ಟಾರ್ ಹೋಟೆಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಕೋಮಿ, ಡೆಮಿ ಶೆಫ್, ಶೆಫ್ ದ ಪಾರ್ಟಿ, ಸೂ ಶೆಫ್, ಎಕ್ಸಿಕ್ಯೂಟಿವ್ ಶೆಫ್ ಎಂಬ ಮೆಟ್ಟಿಲುಗಳಿವೆ. 19ನೇ ಶತಮಾನದ ಕೊನೆಗೆ ಲಂಡನ್ನಿನ ಸವಾಯ್ ಹೋಟೆಲಿನಲ್ಲಿದ್ದ ಫ್ರಾನ್ಸಿನ ಆಗಸ್ಟ್ ಎಸ್ಕೋಫಿಯೇ ಅಡುಗೆಮನೆಯನ್ನು ವಿಭಾಗ ಮಾಡಿ ದರ್ಜೆ ಕಟ್ಟಿದ ಏರ್ಪಾಡಿನ ಮುಂದುವರಿಕೆ ಇದು. ಸರ್ಕಾರದ ಲೆಕ್ಕದಲ್ಲೂ ಇವು ಬೇರೆಬೇರೆ. ಅಂತರರಾಷ್ಟ್ರೀಯ ಕ್ರಮವನ್ನು ಅನುಸರಿಸಿದ 2015ರ ರಾಷ್ಟ್ರೀಯ ಉದ್ಯೋಗ ವರ್ಗೀಕರಣದಲ್ಲಿ ಶೆಫ್‌ಗೆ ಸಂಕೇತ ಸಂಖ್ಯೆ 3434, ಕುಕ್‌ಗೆ 5120, ಕಿಚನ್ ಹೆಲ್ಪರ್‌ಗೆ 9412. ಹತ್ತು ವರ್ಷ ಒಂದು ವಿಭಾಗವನ್ನು ಒಬ್ಬನೇ ನಿಭಾಯಿಸಿದವನು ಬರೀ ‘ಹೋಟೆಲ್ ಕೆಲಸ’ ಎಂದು ಬರೆದರೆ ಅವನಿಗೆ ಸಿಗುವ ಸಂಬಳ ಕೊನೆಯ ಮೆಟ್ಟಿಲಿನದೇ.

2. “ಇದ್ದದ್ದನ್ನ ದೊಡ್ಡದು ಮಾಡಿ ಬರೆಯೋದು ಸುಳ್ಳಲ್ವಾ?”

ಇದು ತೂಕದ ಆಕ್ಷೇಪ. ಆದ್ದರಿಂದ ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ.

ಚನ್ನಗಿರಿ ಸೀಮೆಯಲ್ಲಿ ಮದುವೆ ಅಡುಗೆ ಹಿಡಿಯುವ ಭಟ್ಟರೊಬ್ಬರು ಇದ್ದಾರೆ ಎಂದುಕೊಳ್ಳಿ. ಹೆಣ್ಣಿನ ತಂದೆ ಬಂದು “ಎಂಟು ನೂರು ಎಲೆ ಆಗ್ಬಹುದು” ಎನ್ನುತ್ತಾರೆ. ಭಟ್ಟರು ಕೂತಲ್ಲೇ ಸಾಮಾನಿನ ಚೀಟಿ ಬರೆಸುತ್ತಾರೆ: ಅಕ್ಕಿ ಇಷ್ಟು, ತೊಗರಿಬೇಳೆ ಇಷ್ಟು, ಎಣ್ಣೆ, ಬೆಲ್ಲ, ತೆಂಗಿನಕಾಯಿ, ಸೌದೆ. ಎಲೆ ಹೆಚ್ಚಾದರೆ ಯಾವ ಪಲ್ಯ ಹಿಗ್ಗಿಸಬಹುದು, ಯಾವ ಸಿಹಿ ಹಿಗ್ಗುವುದಿಲ್ಲ ಎಂಬುದು ಅವರಿಗೆ ಗೊತ್ತು. ನಾಲ್ವರು ಸಹಾಯಕರಿಗೆ ಹಿಂದಿನ ರಾತ್ರಿಯೇ ಕೆಲಸ ಹಂಚುತ್ತಾರೆ. ಹನ್ನೊಂದೂವರೆ ಪಂಕ್ತಿಗೆ ಅನ್ನ ಬಿಸಿಯಾಗಿರಬೇಕು, ಮೂರನೇ ಪಂಕ್ತಿಗೆ ತಿಳಿಸಾರು ಮುಗಿಯಬಾರದು.

ದೊಡ್ಡ ಹೋಟೆಲಿನವರ ಮಾತಿನಲ್ಲಿ ಸಾಮಾನಿನ ಚೀಟಿ ಎಂದರೆ ಇಂಡೆಂಟಿಂಗ್. ಎಂಟು ನೂರು ಎಲೆ ಎಂದರೆ 800 ಕವರ್ಸ್. ರಾತ್ರಿಯ ಹೆಚ್ಚುವಿಕೆ, ರುಬ್ಬುವಿಕೆ ಎಂದರೆ ಮಿಸ್ ಆನ್ ಪ್ಲಾಸ್. ಒಟ್ಟು ಕೆಲಸ ಬಲ್ಕ್ ಕುಕಿಂಗ್, ಬ್ಯಾಂಕ್ವೆಟ್ ಪ್ರೊಡಕ್ಷನ್, ಟೀಮ್ ಹ್ಯಾಂಡ್ಲಿಂಗ್. ಇದರಲ್ಲಿ ಯಾವ ಪದ ಸುಳ್ಳು? ಆ ಭಟ್ಟರು ‘ಅಡುಗೆ ಬರುತ್ತದೆ’ ಎಂದಷ್ಟೇ ಬರೆದುಕೊಂಡರೆ ಮುಕ್ಕಾಲು ಪಾಲು ಕೆಲಸ ಬರೆಯದೇ ಉಳಿಯುತ್ತದೆ. ಹೆಚ್ಚು ಬರೆಯುವುದು ಸುಳ್ಳಾದರೆ ಕಡಿಮೆ ಬರೆದಾಗಲೂ ಚಿತ್ರ ತಪ್ಪೇ.

ಸುಳ್ಳು ಎಲ್ಲಿ ಶುರುವಾಗುತ್ತದೆ ಎಂಬುದೂ ಸ್ಪಷ್ಟವಿದೆ. ‘ಎಚ್‌ಎಸಿಸಿಪಿ’ ಎಂಬ ಪದವನ್ನೇ ತೆಗೆದುಕೊಳ್ಳಿ. 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳ ಊಟಕ್ಕಾಗಿ ನಾಸಾ ಜೊತೆ ಪಿಲ್ಸ್‌ಬರಿ ಕಂಪನಿ ರೂಪಿಸಿದ ಆಹಾರ ಸುರಕ್ಷತೆಯ ಕ್ರಮ ಅದು. ಅಡುಗೆಯ ಯಾವ ಹಂತದಲ್ಲಿ ಅಪಾಯ ನುಸುಳಬಹುದು ಎಂದು ಮೊದಲೇ ಗುರುತಿಸಿ ಅಲ್ಲೇ ತಡೆಯುವುದು ಅದರ ತಿರುಳು. ಅಷ್ಟು ವಿವರಿಸಲಾಗದವರು ಆ ಪದ ಬರೆಯಬಾರದು. ಅದರ ಬದಲು ಗೊತ್ತಿರುವುದನ್ನು ಬರೆಯಿರಿ: ಬಿಸಿ ಆಹಾರವನ್ನು 60 ಡಿಗ್ರಿಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಯ ಒಳಗೆ ಇಡುವುದು, ಮೊದಲು ಬಂದ ಸಾಮಾನನ್ನು ಮೊದಲು ಬಳಸುವುದು, ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿಕೊಂಡ ಪತ್ರ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ತರಬೇತಿ ಪಡೆದಿದ್ದರೆ ಅದನ್ನು ಮೇಲೆಯೇ ಬರೆಯಿರಿ. 25 ಅಡುಗೆ ಸಿಬ್ಬಂದಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕರಾದರೂ ಇರಬೇಕು ಎಂಬುದು ಆ ಸಂಸ್ಥೆಯ ನಿಯಮ. ಆದ್ದರಿಂದ ಮಾಲೀಕರಿಗೆ ಬೇಕಾದ ಅರ್ಹತೆಯೇ ಅದು.

3. “ಇರೋ ಪದ ಎಲ್ಲಾ ತುಂಬಿಸಿ, ಯಾವ್ದೋ ಒಂದು ಹತ್ತುತ್ತೆ.”

ಇದು ವಿರೋಧಿಗಳ ಮಾತಲ್ಲ, ನನ್ನ ಪರ ನಿಂತವರಂತೆ ಕಾಣುವ ಕೆಲವು ಸೈಬರ್ ಸೆಂಟರ್‌ಗಳದು. ವಿರೋಧಿಗಳಿಗಿಂತ ಇವರಿಂದಲೇ ಹೆಚ್ಚು ನಷ್ಟ. ಒಬ್ಬನ ಬಯೋಡಾಟಾದಲ್ಲಿ ಹೆಸರು, ಫೋಟೊ ಬದಲಿಸಿ ಹತ್ತು ಜನರಿಗೆ ಕೊಡುತ್ತಾರೆ. ಮುದ್ದೆ ತಿರುವುವ ಹುಡುಗನೂ ‘ಕಾಂಟಿನೆಂಟಲ್, ಇಟಾಲಿಯನ್, ಮೆಕ್ಸಿಕನ್’ ಪ್ರವೀಣನಾಗುತ್ತಾನೆ. ಸಂದರ್ಶನದಲ್ಲಿ ಶೆಫ್ “ಬೆಶಮೆಲ್ ಸಾಸ್ ಹೇಗೆ ಮಾಡ್ತೀಯ?” ಎಂದು ಒಂದೇ ಪ್ರಶ್ನೆ ಕೇಳಿದರೆ ಸಾಕು, ಅವನಿಗೆ ನಿಜವಾಗಿ ಬರುತ್ತಿದ್ದ ಮುದ್ದೆ ಮೇಲೂ ನಂಬಿಕೆ ಹೋಗುತ್ತದೆ.

ಸರಿಯಾದ ಕ್ರಮ ಇಷ್ಟೇ. ಜಾಹೀರಾತನ್ನು ಎರಡು ಸಲ ಓದಿ. ಮತ್ತೆ ಮತ್ತೆ ಬರುವ ಪದಗಳಿಗೆ ಗೆರೆ ಎಳೆಯಿರಿ. ಬಾರದ್ದನ್ನು ಹೊಡೆದುಹಾಕಿ. ಉಳಿದ ಪ್ರತಿಯೊಂದಕ್ಕೂ ಎಲ್ಲಿ, ಎಷ್ಟು ಜನಕ್ಕೆ, ಎಷ್ಟು ವರ್ಷ ಎಂಬ ಆಧಾರ ಕೊಡಿ. ಬಯೋಡಾಟಾದ ಫೋಟೊ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಎಷ್ಟೋ ಹುಡುಕಾಟಗಳಿಗೆ ಅದರೊಳಗಿನ ಅಕ್ಷರ ಸಿಗುವುದಿಲ್ಲ. ಟೈಪ್ ಮಾಡಿದ ಪಿಡಿಎಫ್ ಕಳಿಸಿ.

ಊರಿನ ಹೆಸರೂ ಹುಡುಕುವ ಪದವೇ. ಚನ್ನಗಿರಿಯ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ದಾವಣಗೆರೆ ಜಿಲ್ಲೆಯಾಯಿತು. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರಾ ಈಚೆಗೆ. ಹಾಗಾಗಿ 1997ಕ್ಕೆ ಮುಂಚೆ ಶಾಲೆ ಬಿಟ್ಟವರ ಟಿಸಿಯಲ್ಲಿ ಒಂದು ಜಿಲ್ಲೆ, ಆಧಾರ್‌ನಲ್ಲಿ ಇನ್ನೊಂದು. ಬಯೋಡಾಟಾದಲ್ಲಿ ಈಗಿನ ತಾಲ್ಲೂಕು, ಈಗಿನ ಜಿಲ್ಲೆಯನ್ನೇ ಬರೆಯಿರಿ.

4. “ಇಂಗ್ಲಿಷ್ ಪದಗಳ ಅಡಿ ನಮ್ಮ ಅಡುಗೆ ಹೂತುಹೋಗುತ್ತೆ.”

ಈ ಅಳಲು ನನಗೂ ಇದೆ. ಆದರೆ ಪರಿಹಾರ ಬೇರೆ. ಜೋಳದ ರೊಟ್ಟಿಯನ್ನು ‘ಫ್ಲ್ಯಾಟ್‌ಬ್ರೆಡ್’ ಎಂದು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಬರೆದರೆ ನಷ್ಟ ನಿಮಗೇ. ಕರ್ನಾಟಕದ ಊಟ ಬಡಿಸುವ ಹೋಟೆಲಿನವರು ಹುಡುಕುವುದು ಜೋಳದ ರೊಟ್ಟಿಯನ್ನೇ, ಬೆನ್ನೆ ದೋಸೆಯನ್ನೇ. ಬೆಂಗಳೂರಿನ ಬಡಾವಣೆಗಳಲ್ಲಿ ‘ದಾವಣಗೆರೆ ಬೆನ್ನೆ ದೋಸೆ’ ಎಂಬ ಬೋರ್ಡು ಈಗ ಮಾಮೂಲು, ಮುಂಬೈಗೂ ಬೆನ್ನೆ ದೋಸೆ ತಲುಪಿದೆ. ಹಿಟ್ಟಿಗೆ ಮಂಡಕ್ಕಿ ಎಷ್ಟು ಸೇರಬೇಕು, ಹುಳಿ ಎಷ್ಟು ಬರಬೇಕು, ಕಾವಲಿಯ ಕಾವು ಎಷ್ಟಿರಬೇಕು ಎಂದು ತಿಳಿದವನಿಗೆ ಆ ಹೆಸರೇ ಬಂಡವಾಳ. ಹೆಸರನ್ನು ಹಾಗೇ ಇಡಿ, ಪಕ್ಕದಲ್ಲಿ ‘ಸೌತ್ ಇಂಡಿಯನ್ ಸೆಕ್ಷನ್, ಬ್ಯಾಟರ್ ಪ್ರಿಪರೇಷನ್, ಲೈವ್ ಕೌಂಟರ್’ ಎಂದು ಸೇರಿಸಿ. ಹುಡುಕುವವರಲ್ಲಿ ಕೆಲವರು ‘ದೋಸೆ’ ಎನ್ನುತ್ತಾರೆ, ಕೆಲವರು ‘ದೋಸಾ’. ಎರಡೂ ಕಾಗುಣಿತ ಒಂದೊಂದು ಕಡೆ ಬರಲಿ. ಖಾರ ಮಂಡಕ್ಕಿ, ಮಿರ್ಚಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳನ್ನು ನಾಚಿಕೆಯಿಂದ ಬಿಟ್ಟು ‘ನೂಡಲ್ಸ್’ ಬರೆಯುವುದೇ ನಮ್ಮ ಅಡುಗೆಯನ್ನು ಹೂಳುವ ಕೆಲಸ.

5. “ನಮ್ಮ ಕಡೆ ಕೆಲಸ ಸಿಗೋದು ಪರಿಚಯದ ಮೇಲೆ.”

ಸಿಗುತ್ತದೆ, ಬೇಡ ಎಂದವರು ಯಾರು? ಆದರೆ ಆ ದಾರಿಯಲ್ಲಿ ಕೆಲಸ ಎಷ್ಟು ಬೇಗ ಸಿಗುತ್ತದೋ ಸಂಬಳದ ಚೌಕಾಸಿ ಅಷ್ಟೇ ಬೇಗ ಮುಗಿಯುತ್ತದೆ. “ನಮ್ಮ ಹುಡುಗ, ಏನಾದ್ರೂ ಕೊಡಿ” ಎಂದು ಸೇರಿಸಿದವರಿಗೆ ಆಮೇಲೆ ಬಾಯಿ ಇರುವುದಿಲ್ಲ. ಕೊಲ್ಲಿ ದೇಶಗಳಿಗೆ ಹೋಗುವವರು ಇನ್ನೂ ಎಚ್ಚರ ವಹಿಸಬೇಕು. ಹತ್ತನೇ ತರಗತಿ ಪಾಸಾಗದವರ ಇಸಿಆರ್ ಪಾಸ್‌ಪೋರ್ಟ್‌ಗೆ ಅಲ್ಲಿನ ಕೆಲಸಕ್ಕಾಗಿ ಸರ್ಕಾರದ ವಲಸೆ ಅನುಮತಿ ಬೇಕು. ಕರಾರಿನಲ್ಲಿ ಹುದ್ದೆ ‘ಕುಕ್’ ಎಂದಿದೆಯೋ ‘ಕಿಚನ್ ಹೆಲ್ಪರ್’ ಎಂದಿದೆಯೋ ಎಂದು ಹೊರಡುವ ಮೊದಲೇ ಓದಿಸಿಕೊಳ್ಳಿ. ಆ ವ್ಯತ್ಯಾಸವನ್ನು ಪರಿಚಯದವರು ನಿಮ್ಮ ಪರವಾಗಿ ನೋಡುವುದಿಲ್ಲ.

6. “ಬಿಸಿಯೂಟದ ಹೆಂಗಸರಿಗೂ ಬಯೋಡಾಟಾನಾ?”

ಅವರಿಗೇ ಮೊದಲು. ಶಾಲಾ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಈಶಾನ್ಯ ಕರ್ನಾಟಕದಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. ಮೊದಲಿಂದ ಒಲೆ ಹಿಡಿದವರಿಗೆ ಈಗ ಎರಡು ದಶಕದ ಅನುಭವ. 200 ಮಕ್ಕಳ ಒಂದು ಪ್ರಾಥಮಿಕ ಶಾಲೆ ಇಟ್ಟುಕೊಳ್ಳಿ. ಕೇಂದ್ರದ ಮಾನದಂಡದಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್. ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯ, 700 ಕ್ಯಾಲೊರಿ, 20 ಗ್ರಾಂ ಪ್ರೊಟೀನ್. ಅಂದರೆ 200 ಮಕ್ಕಳೂ ಐದನೇ ತರಗತಿಯ ಒಳಗಿನವರೇ ಆದರೂ ದಿನಕ್ಕೆ 20 ಕಿಲೊ ಅಕ್ಕಿ. ಮಾನದಂಡದ ಪ್ರಕಾರ ಅದನ್ನು ಬೇಯಿಸಲು ಮೂವರು. ಬಡಿಸುವ ಮೊದಲು ಶಿಕ್ಷಕರೊಬ್ಬರು ಸೇರಿ ದೊಡ್ಡವರು ರುಚಿ ನೋಡಬೇಕು. ಗಂಟೆ ಹೊಡೆಯುವ ಹೊತ್ತಿಗೆ ಊಟ ಸಿದ್ಧವಿರಬೇಕು, ಒಂದು ದಿನವೂ ತಪ್ಪುವಂತಿಲ್ಲ.

ಇಷ್ಟನ್ನು ಮಾಡಿದ ಹೊನ್ನಾಳಿಯ ಹೆಂಗಸು ಹಾಸ್ಟೆಲ್, ಆಸ್ಪತ್ರೆ ಅಥವಾ ಪಿಜಿ ಕೆಲಸ ಕೇಳಲು ಹೋದಾಗ “ಅನುಭವ?” ಎಂದರೆ “ಏನಿಲ್ಲ ಸರ್, ಶಾಲೆಲಿ ಅಡುಗೆ ಮಾಡ್ತಿದ್ದೆ” ಎನ್ನುತ್ತಾಳೆ. ಬಲ್ಕ್ ಕುಕಿಂಗ್, ಪೋರ್ಷನ್ ಕಂಟ್ರೋಲ್, ಸ್ಟಾಕ್ ರಿಜಿಸ್ಟರ್, ನಿಗದಿತ ಮೆನು, ಕಿಚನ್ ಹೈಜೀನ್ ಇವೆಲ್ಲ ಆಕೆ ಮಾಡಿದ್ದೇ. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಯಾಂಟೀನ್ ಮಾಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಾಗಿನಿಂದಲೂ ಹರಿಹರದಂಥ ಕೈಗಾರಿಕೆ ಊರುಗಳಲ್ಲಿ ಇಂಥ ಕೈಗಳಿಗೆ ಬೇಡಿಕೆ ಇದೆ. ಮಠಗಳ ದಾಸೋಹದಲ್ಲಿ, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆಯಲ್ಲಿ ಸಾವಿರಾರು ಜನಕ್ಕೆ ಬೇಯಿಸಿದವರಿಗೂ ಇದೇ ಮಾತು. ಕಾಗದದ ಮೇಲೆ ಏನೂ ಇಲ್ಲದವರಿಗೆ ಕೇಂದ್ರದ ಕೌಶಲ ಯೋಜನೆಯಲ್ಲಿ ಆರ್‌ಪಿಎಲ್ ಎಂಬ ದಾರಿ ಇದೆ: ಕಾಲೇಜಿಗೆ ಹೋಗದೆ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು. ಹೊಸಬರಿಗೆ ಐಟಿಐಯಲ್ಲಿ ಒಂದು ವರ್ಷದ ಫುಡ್ ಪ್ರೊಡಕ್ಷನ್ ಕೋರ್ಸಿದೆ.

7. “ಎಲ್ರಿಗೂ ಹೀಗೆ ಬರ್ಕೊಟ್ರೆ ಊರು ಖಾಲಿ ಆಗುತ್ತೆ.”

ಊರು ಖಾಲಿಯಾಗುವುದು ಬಯೋಡಾಟಾದಿಂದ ಅಲ್ಲ. ಮಳೆ ಕೈಕೊಟ್ಟ ವರ್ಷ ಜಗಳೂರಿನ ಹುಡುಗರು ಕಾಗದವಿಲ್ಲದೆಯೂ ಬಸ್ಸು ಹತ್ತುತ್ತಾರೆ. ಯಾವ ಹೆಸರಿನಲ್ಲಿ ಹೋಗುತ್ತಾರೆ ಎಂಬುದಷ್ಟೇ ಪ್ರಶ್ನೆ. ತಟ್ಟೆ ತೊಳೆಯಲು ಹೋದವನು ಐದು ವರ್ಷದ ಮೇಲೂ ಬರಿಗೈಯಲ್ಲಿ ಬರಬಹುದು. ಕೋಮಿ ಆಗಿ ಸೇರಿ ವಿಭಾಗ ಕಲಿತವನು ವಾಪಸು ಬಂದರೆ ಸ್ವಂತ ಖಾನಾವಳಿ ಇಡಬಲ್ಲ. ಊರು ಬಿಡದೆ ರೊಟ್ಟಿ, ಚಟ್ನಿಪುಡಿ ಮಾಡುವ ಸಂಘಗಳಿಗೂ ಬರಹ ಬೇಕು. 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ ಸಾಲಕ್ಕೆ ಜೋಡಿಸಿ ಶೇಕಡ 35ರಷ್ಟು, ಬಿಡಿ ಘಟಕಕ್ಕೆ ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿತು. ಅಂಥ ಸಾಲಕ್ಕೆ ಬ್ಯಾಂಕಿನವರೂ ಮೊದಲು ಕೇಳುವುದು “ಏನು ಅನುಭವ?” ಎಂದೇ.

ಬಾಯಿದ್ದವನು ಬರದಲ್ಲೂ ಬದುಕಿದ ಎನ್ನುವವರು ನಮ್ಮವರೇ. ಅಡುಗೆಯವರ ಬಾಯಿ ಈಗ ಅರ್ಧ ಕಾಗದದಲ್ಲಿದೆ. ಮಾಸ್ಟರ್‌ಗಳೇ, ನಿಮ್ಮ ಕೈಕೆಳಗೆ ಪಳಗಿದ ಹುಡುಗನಿಗೆ ಏನೇನು ಬರುತ್ತದೆ, ಏನು ಬರುವುದಿಲ್ಲ ಎಂಬುದು ನಿಮಗಿಂತ ಚೆನ್ನಾಗಿ ಯಾವ ಸೈಬರ್ ಸೆಂಟರ್‌ಗೂ ಗೊತ್ತಿಲ್ಲ. ಅವನ ಬಯೋಡಾಟಾವನ್ನು ನೀವೇ ಕೂತು ಬರೆಸಿ. ಒಂದು ಪದ ಹೆಚ್ಚಾದರೆ ನಿಮ್ಮ ಕೈಯಾರೆ ಹೊಡೆದುಹಾಕಿ, ಒಂದು ಕಡಿಮೆಯಾದರೆ ಸೇರಿಸಿ.