ಹೊಸ ಉದ್ಯಮಗಳಿಗೆ ಭದ್ರವಾದ ದಾರಿ

ಬೆಂಗಳೂರಿನಲ್ಲಿ ಹೊಸ ಕಂಪನಿಗಳನ್ನು ಸ್ಥಾಪಿಸುತ್ತಿರುವ ತರುಣರ ಉತ್ಸಾಹವು ಸರ್ವಥಾ ಶ್ಲಾಘನೀಯವಾದುದು. ಆದರೆ ಅವರಲ್ಲಿ ಅನೇಕರು ಜನರ ಮೊಬೈಲಿಗೆ ಆಪ್ ಒಂದನ್ನು ಒದಗಿಸುವುದೇ ಉದ್ಯಮವೆಂದು ಭಾವಿಸಿ, ರಿಯಾಯಿತಿಯ ಆಶೆ ತೋರಿಸಿ ಗಿರಾಕಿಗಳನ್ನು ಕೂಡಿಸುತ್ತಿರುವರು. ರಿಯಾಯಿತಿಯು ನಿಂತೊಡನೆ ಗಿರಾಕಿಯು ಬೇರೆ ಅಂಗಡಿಗೆ ನಡೆಯುವನು; ಅಷ್ಟರಲ್ಲಿ ಕಂಪನಿಯ ಬಹುಭಾಗವು ಬಂಡವಾಳ ಹಾಕಿದವರ ವಶವಾಗಿರುವುದು. ಸ್ವಾತಂತ್ರ್ಯವನ್ನರಸಿ ನೌಕರಿ ಬಿಟ್ಟವನು ಹೀಗೆ ಮತ್ತೊಬ್ಬ ಧಣಿಯ ಕೈಕೆಳಗಾಗುವುದು ವಿಷಾದಕರವು.

ಇದಕ್ಕಿಂತ ಭದ್ರವಾದ ದಾರಿಯೊಂದುಂಟು. ಬ್ಯಾಂಕು, ಗಿರಣಿ, ಆಸ್ಪತ್ರೆ, ಸಾರಿಗೆ ಮೊದಲಾದ ದೊಡ್ಡ ವ್ಯವಹಾರಗಳಿಗೆ ವೆಬ್ ಮೂಲಕ ನಡೆಯುವ ತಂತ್ರಾಂಶಗಳನ್ನು ನಿರ್ಮಿಸಿಕೊಡುವುದೇ ಆ ದಾರಿ. ಇಂಥ ತಂತ್ರಾಂಶವನ್ನು ಒಂದೊಂದು ಕಂಪ್ಯೂಟರಿನಲ್ಲಿಯೂ ಸ್ಥಾಪಿಸಬೇಕಾಗಿಲ್ಲ. ಬ್ರೌಸರ್ ಇದ್ದರೆ ಸಾಕು. ಒಂದೆಡೆ ಮಾಡಿದ ತಿದ್ದುಪಡಿಯು ಎಲ್ಲ ಶಾಖೆಗಳಿಗೂ ತಲುಪುವುದು. ಆದುದರಿಂದ ಹತ್ತು ಜನರ ಕಂಪನಿಯೂ ಸಾವಿರಾರು ನೌಕರರುಳ್ಳ ಸಂಸ್ಥೆಗೆ ಸೇವೆ ಸಲ್ಲಿಸಬಲ್ಲುದು. ನಿತ್ಯದ ತೊಂದರೆಯನ್ನು ನಿವಾರಿಸುವ ಸಾಧನಕ್ಕೆ ದೊಡ್ಡ ಸಂಸ್ಥೆಯು ಹಣ ಕೊಡಲು ಹಿಂಜರಿಯದು. ಒಮ್ಮೆ ಬಳಕೆಯಲ್ಲಿ ನೆಲೆಗೊಂಡುದನ್ನು ಸುಲಭವಾಗಿ ಬಿಡಲೂ ಆರದು.

ಇದು ಬರಿಯ ತರ್ಕವಲ್ಲ. ಅಮೆರಿಕದಲ್ಲಿ 1999ರಲ್ಲಿ ಸ್ಥಾಪಿತವಾದ ಸೇಲ್ಸ್‌ಫೋರ್ಸ್ ಕಂಪನಿಯು ಮಾರಾಟಗಾರರ ಗಿರಾಕಿಗಳ ದಾಖಲೆಗಳನ್ನು ವೆಬ್ ಮೂಲಕ ನಡೆಯಿಸಿಕೊಟ್ಟು, ಬಾಡಿಗೆಯ ರೂಪದಲ್ಲಿ ಹಣ ಪಡೆಯುವ ಪದ್ಧತಿಯನ್ನು ರೂಢಿಗೆ ತಂದಿತು. ನಮ್ಮ ನೆರೆಯ ಚೆನ್ನೈಯಲ್ಲಿ ನೆಲೆಸಿರುವ ಜೋಹೊ ಸಂಸ್ಥೆಯು 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಿಂದ ಹುಟ್ಟಿ, ಮೊದಲು ದೂರಸಂಪರ್ಕ ಉಪಕರಣಗಳ ತಯಾರಕರಿಗೆ ತಂತ್ರಾಂಶ ಮಾರಿ, ಆ ಗಳಿಕೆಯಿಂದಲೇ ಬೆಳೆಯಿತು. ಸಾಹಸ ಬಂಡವಾಳಗಾರರ ಮುಂದೆ ಕೈಯೊಡ್ಡಲಿಲ್ಲ. ಸ್ವಾವಲಂಬನಕ್ಕೆ ಇದಕ್ಕಿಂತ ಉತ್ತಮ ನಿದರ್ಶನವು ಬೇಕೆ?

ಈ ದಾರಿಯಲ್ಲಿ ಮುಳ್ಳುಗಳಿಲ್ಲವೆಂದು ನಾವು ಹೇಳುವುದಿಲ್ಲ. ದೊಡ್ಡ ಸಂಸ್ಥೆಯು ಒಂದು ಖರೀದಿಯನ್ನು ನಿಶ್ಚಯಿಸಲು ಹಲವು ತಿಂಗಳು ತೆಗೆದುಕೊಳ್ಳುವುದು. ಭದ್ರತೆಯ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ನಡೆಯಿಸುವುದು. ಒಬ್ಬನೇ ಗಿರಾಕಿಯ ಮರ್ಜಿಗೆ ತಕ್ಕಂತೆ ಕುಣಿದರೆ ಕಂಪನಿಯು ಅವನ ಗುತ್ತಿಗೆದಾರನಾಗಿ ಉಳಿಯುವುದು. ಆದುದರಿಂದ ಒಂದು ಇಲಾಖೆಯ ಒಂದು ತೊಂದರೆಯಿಂದ ಆರಂಭಿಸಿ, ಅದೇ ಸಾಧನವನ್ನು ಹತ್ತು ಸಂಸ್ಥೆಗಳಿಗೆ ಮಾರುವುದು ಜಾಣತನ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ದೇಶದ ಅನೇಕ ವ್ಯಾಪಾರಿಗಳು ಲೆಕ್ಕದ ಕ್ರಮವನ್ನೇ ಬದಲಿಸಬೇಕಾಯಿತು. ಇಂಥ ನಮ್ಮ ನೆಲದ ತೊಡಕುಗಳನ್ನು ನಮ್ಮ ತರುಣರಿಗಿಂತ ಚೆನ್ನಾಗಿ ಬಲ್ಲವರಾರು?

ದೊಡ್ಡ ಸಂಸ್ಥೆಗಳಿಗೂ ನಾವು ಒಂದು ಮಾತು ಹೇಳಬಯಸುತ್ತೇವೆ. ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗಳಿಗೆ ಸಲ್ಲಬೇಕಾದ ಹಣವನ್ನು 45 ದಿನಗಳಿಗಿಂತ ಹೆಚ್ಚು ತಡೆಯಬಾರದೆಂದು 2006ರ ಕಾಯಿದೆಯು ವಿಧಿಸಿದೆ. ಸ್ವದೇಶಿಯನ್ನು ಸಭೆಗಳಲ್ಲಿ ಹೊಗಳಿ, ಸ್ವದೇಶದ ತರುಣನ ಬಿಲ್ಲನ್ನು ಮೇಜಿನ ಮೇಲೆ ಕೊಳೆಯಿಸುವುದು ದೇಶಾಭಿಮಾನವಲ್ಲ. ತರುಣರು ಶ್ರಮದಿಂದ ಬಾಗಿಲು ತಟ್ಟಲಿ. ಹಿರಿಯರು ನ್ಯಾಯದಿಂದ ಅದನ್ನು ತೆರೆಯಲಿ.